ಅಜ್ಮತ್ ಕೊಟ್ಟ ಸಿ.ಡಿ.

ನನ್ನ ಗೆಳೆಯ ಅಜ್ಮತ್ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುತ್ತಿದ್ದ. ಉಳಿದ ಹೊತ್ತಿನಲ್ಲಿ ಮನೆಯ ಕಂಪ್ಯೂಟರಿನಲ್ಲಿ ಹಾಡು ಕಟ್ಟುತ್ತಿದ್ದ. ಪಕ್ಕದ ಮನೆಗಳಲ್ಲಿ ಗೊಂಬೆ ಕಡೆಯುವ ಲೇತ್ ಯಂತ್ರಗಳ ಸದ್ದು ರೆಕಾರ್ಡಿಂಗಿಗೆ ಸೇರದಿರಲೆಂದು ಕಂಬಳಿ ಹೊದ್ದು ಹಾಡುತ್ತಿದ್ದ. 2007ರಲ್ಲಿ ಒಂದು ಹಾಡು ಮುಗಿಸಿ ನನಗೆ ಸಿ.ಡಿ. ಕೊಟ್ಟ.

"ಇಡೀ ಹಾಡು ಇದ್ರಲ್ಲೈತೆ ಕಣ್ಲಾ. ಕಳ್ದ್‌ಗಿಳ್ದ್‌ಬುಟ್ಟೀಯ!"

ಆಮೇಲೆ ಕೇಳೋಣವೆಂದು ಎತ್ತಿಟ್ಟೆ. ಮರುತಿಂಗಳು ಬಿಡದಿಯ ಬಳಿ ಲಾರಿ ಹೊಡೆದು ಅವನು ತೀರಿಕೊಂಡ. ಹಾಡು ನನ್ನಲ್ಲಿ ಭದ್ರವಾಗಿದೆ ಎಂದು ನಾನೇ ಹೇಳಿದ್ದರಿಂದ, ಅವನ ಹೆಂಡತಿ ಜುವೇರಿಯಾ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿಸಿ ಅದನ್ನು ಮಾರಿದಳು.

ಅವನ ದನಿ ಕೇಳಲು ಅವಳು ಬಂದ ದಿನ ನನ್ನ ಕಂಪ್ಯೂಟರಿಗೆ ಸಿ.ಡಿ. ಹಾಕಿ, ಅವನು ಹಾಡು ಕಟ್ಟುತ್ತಿದ್ದ ತಂತ್ರಾಂಶದಲ್ಲೇ ತೆರೆದೆ. 'ತಬಲಾ', 'ಕೊಳಲು', 'ನನ್ನ ದನಿ' ಎಂದು ಅವನು ಬರೆದ ಹೆಸರುಗಳು ಪರದೆಯ ಮೇಲೆ ಬಂದವು. ಹೆಸರುಗಳ ಮುಂದೆಲ್ಲ ಖಾಲಿ. ಯಾವ ದನಿ ಎಲ್ಲಿ ಬರಬೇಕೆಂದು ಹೇಳುವ ಹಾಡಿನ ನಕ್ಷೆಯನ್ನಷ್ಟೇ ಅವನು ಸಿ.ಡಿ.ಗೆ ಹಾಕಿದ್ದ, ದನಿಯ ಫೈಲುಗಳು ಅವನ ಕಂಪ್ಯೂಟರಿನಲ್ಲೇ ಉಳಿದಿದ್ದವು. ಪ್ಲೇ ಒತ್ತಿದೆ; ಪರದೆಯ ಮೇಲಿನ ಗೆರೆ ಸದ್ದಿಲ್ಲದೆ ಕೊನೆಯವರೆಗೂ ಸರಿಯಿತು.

"ಇನ್ನೊಂದ್ ಸಲ ಒತ್ತಿ ಅಣ್ಣಾ," ಎಂದಳು ಜುವೇರಿಯಾ.

ಒತ್ತಿದೆ.