ಪಕ್ಕದ ಮನೆಯ ರಾಕ್ಷಸ

ಎಲ್ಲ ಮನೆಗಳಿಗೂ ಇನ್ನೂ ಕರೆಂಟು ಬಾರದಿದ್ದ ಕಾಲ. ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯ ಮಾವ ಗೂಡು ಬೇಯಿಸಿ ರೇಷ್ಮೆ ತೆಗೆಯುತ್ತಿದ್ದರು. ಊರ ನಾಟಕದಲ್ಲಿ ಮಾತ್ರ ಯಾವಾಗಲೂ ರಾಕ್ಷಸ ರಾಜ. ಸಂಜೆ ಬಿಸಿನೀರಿನಲ್ಲಿ ಬೆಂದ ಬೆರಳುಗಳನ್ನು ಗಾಳಿಗೆ ಬೀಸುತ್ತಾ ಹಿತ್ತಲಿನಲ್ಲಿ ಅಬ್ಬರಿಸಿ ಹಾಡುವರು. ಬೀದಿಯವರು ಬೈದರೆ, "ಇನ್ನೊಂದೇ ಪದ್ಯ ಕಣಪ್ಪ" ಎನ್ನುವರು. ಆ ಒಂದು ಪದ್ಯ ಮುಗಿಯುತ್ತಲೇ ಇರಲಿಲ್ಲ.

ನನ್ನ ಪುಟ್ಟ ತಂಗಿಗೆ ವಿಷಮಜ್ವರ ಬಂದಾಗ ಅಮ್ಮ ಗೋಡೆಯಾಚೆಗೆ ಕೂಗಿದಳು: "ಅಣ್ಣಾ, ಮಗು ಕಣ್ಣು ಮುಚ್ತಿಲ್ಲ. ನಿಮ್ಮ ದಮ್ಮಯ್ಯ, ನಿಲ್ಸಿ."

ಅರ್ಧ ಪದ್ಯಕ್ಕೇ ದನಿ ನಿಂತಿತು. ಮರುದಿನದಿಂದ ಅವರು ಹಿತ್ತಲಿಗೇ ಬರಲಿಲ್ಲ. ಬೀದಿ ಸಂಜೆಯ ಕೆರೆಯಂತೆ ನಿಶ್ಚಲವಾಯಿತು. ಆದರೂ ತಂಗಿ ಮಲಗಲಿಲ್ಲ. ಜ್ವರದ ಕಣ್ಣುಗಳನ್ನು ಗೋಡೆಯತ್ತ ತಿರುಗಿಸಿ, "ಅಮ್ಮ, ರಾಕ್ಷಸ ಮಾವ ಸತ್ತೋದ್ರಾ?" ಎಂದಳು.

ಅಮ್ಮ ಮತ್ತೆ ಗೋಡೆಯ ಬಳಿ ಹೋದಳು. "ಅಣ್ಣಾ, ಮಗು ಕೇಳ್ತಿದಾಳೆ. ಹಾಡ್ತೀರಾ?"

"ನಂಗೆ ಮೆಲ್ಲಗೆ ಹಾಡೋಕೆ ಬರಲ್ಲಮ್ಮ," ಎಂದು ಅವರು ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ, ಮೂರು ಲೋಕವನ್ನೂ ಸುಡುತ್ತೇನೆಂಬ ಪದ್ಯವನ್ನು ತೊಟ್ಟಿಲು ತೂಗುವವರಂತೆ ಹಾಡತೊಡಗಿದರು. ತಂಗಿ ನಿದ್ದೆಹೋದಳು.

ಹುಷಾರಾದ ಮೇಲೆ ಅವಳಿಗೆ ಅದೊಂದೂ ನೆನಪಿರಲಿಲ್ಲ. ನನಗೆ ಮಾತ್ರ, ಹಾಡು ಮುಗಿದ ಮೇಲೂ ಗೋಡೆಗೆ ಕೆನ್ನೆಯಿಟ್ಟು ನಿಂತೇ ಇದ್ದ ಅಮ್ಮ ಕಾಣುತ್ತಾಳೆ.