ತೆಗೆಸಿದ ಮಾತು

ಕಾಜಾ ಅಕ್ಕನಿಗೆ ಸವತಿಯೊಬ್ಬಳು ಬಂದಿದ್ದಳು. ಅದೂ ಸಿನಿಮಾ ಪರದೆಯ ಮೇಲೆ.

ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕುವುದು ಅವಳ ಕೆಲಸ; ಬೀದಿಯವರು ಹಾಗೇ ಕರೆದು ಕರೆದು ಅದೇ ಹೆಸರಾಯಿತು. ಗಂಡ ಎದುರಿನ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವವನು. ಎಂಥ ಅಳುಬುರುಕ ಸಿನಿಮಾ ಬಂದರೂ ಗೋಡೆಗೆ ಒರಗಿ ಆಕಳಿಸುವ ಆಸಾಮಿ. ಅಂಥವನು, ಜನ ಕೈಮುಗಿಯುವ ಸಂತಮ್ಮನ ಕಥೆ ಸಿನಿಮಾ ಆಗಿ ಬಂದಾಗಿನಿಂದ, ಬೆಳಗಿನ ಆಟ ಮುಗಿಸಿ ಊಟಕ್ಕೆ ಬರುವಾಗ ದಿನಾ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದ.

"ಏನ್ರೀ, ಕಣ್ಣಿಗೆ ಧೂಳು ಬಿತ್ತಾ?"

"ಇಲ್ಲ ಕಣೇ. ಆಕೆ ಸತ್ತ ಮಗೂನ ಮಡಿಲಲ್ಲಿ ಹಾಕ್ಕೊಂಡು ಕೂಗೋ ಜಾಗ ಒಂದಿದೆ. ತಡ್ಕೊಳ್ಳೋಕಾಗಲ್ಲ."

ಆಕೆಯಂತೆ, ಆಕೆ! ಕಾಜಾ ಅಕ್ಕನ ಮೈಯೆಲ್ಲ ಉರಿದುಹೋಯಿತು. ಮಗಳು ಜ್ವರದಲ್ಲಿ ಹೋದ ದಿನ ಆಸ್ಪತ್ರೆಯ ವರಾಂಡದಲ್ಲಿ ಅವಳು ನೆಲಕ್ಕೆ ಬಿದ್ದು ಬೊಬ್ಬೆ ಹೊಡೆದಿದ್ದಳು. ಏನೇನು ಕೂಗಿದಳೋ ಅವಳಿಗೇ ನೆನಪಿಲ್ಲ. ನೆನಪಿರುವುದು ಇವನು ಕಂಬದ ಹಾಗೆ ನಿಂತಿದ್ದು. ಸ್ವಂತ ಮಗಳಿಗೆ ಒಂದು ತೊಟ್ಟು ಕಣ್ಣೀರಿಲ್ಲ, ಬಣ್ಣ ಬಳಿದುಕೊಂಡ ಯಾವಳಿಗೋ ದಿನಾ ಧಾರಾಕಾರ!

ಹಾಳಾದ ಪೋಸ್ಟರು ಬೇರೆ ಅಂಗಡಿಯ ಎದುರಿಗೇ ಇತ್ತು. ಸೂಜಿಯಿಂದ ತಲೆ ಎತ್ತಿದರೆ ಅವಳೇ. ದುರುಗುಟ್ಟಿ ನೋಡುತ್ತ ಎಷ್ಟು ಸಲ ಬೆರಳಿಗೆ ಚುಚ್ಚಿಕೊಂಡಳೋ.

"ಮಗು ಕಳಕೊಂಡವಳ ತಲೆ ಇಷ್ಟು ನೀಟಾಗಿ ಬಾಚಿರುತ್ತಾ?" ಎಂದು ಟೈಲರನ್ನು ಕೇಳಿದಳು.

"ನಿಂಗ್ಯಾಕಮ್ಮ ಅಷ್ಟು ಹೊಟ್ಟೆಕಿಚ್ಚು?" ಎಂದು ಅವನು ನಕ್ಕ. ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಯಾಕೆ?

ಅಷ್ಟರಲ್ಲಿ ಗಲಾಟೆ ಶುರುವಾಯಿತು. ಸಿನಿಮಾದ ಸಂತಮ್ಮ ದೇವರಿಗೆ ಆಡುವ ಒಂದು ಮಾತು ಅಪಚಾರವೆಂದು ಭಕ್ತರು ಚಿತ್ರಮಂದಿರದ ಗೇಟಿಗೆ ಅಡ್ಡ ಕೂತರು. ಯಾವ ಮಾತು ಎಂದು ಕೇಳಿದರೆ ಅವರ ಮುಂದಾಳು ಕಿವಿ ಮುಚ್ಚಿಕೊಂಡ.

"ಅದನ್ನ ಬಾಯಲ್ಲಿ ಹೇಳಿದ್ರೂ ಪಾಪ ಕಣಮ್ಮ."

ಪಾಪವೋ ಪುಣ್ಯವೋ, ಇವಳಿಗೇನಾಗಬೇಕು? ಆ ಹೆಂಗಸಿನ ಬಾಯಿ ಮುಚ್ಚಿದರೆ ಸಾಕಿತ್ತು. ಕತ್ತರಿ ಕೆಳಗಿಟ್ಟು ಹೋಗಿ ಮೊದಲ ಸಾಲಿನಲ್ಲೇ ಕೂತಳು. "ಆ ಮಾತು ತೆಗೀರಿ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಗೇಟಿನ ಒಳಗೆ ನಿಂತ ಗಂಡ ಪೆಚ್ಚಾಗಿ ಅವಳನ್ನೇ ನೋಡಿದ. ನೋಡಲಿ ಎಂದೇ ಇನ್ನಷ್ಟು ಜೋರು ಮಾಡಿದಳು.

ಸಿನಿಮಾದವರು ಮಣಿದರು. ಈಗ ಆ ಜಾಗದಲ್ಲಿ ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. ಕಾಜಾ ಅಕ್ಕ ಸೆರಗು ಕೊಡವಿಕೊಂಡು ಗೆದ್ದವಳ ಹಾಗೆ ಮನೆಗೆ ಬಂದಳು.

ಮರುದಿನ ಗಂಡ ಊಟಕ್ಕೆ ಬಂದಾಗ ಕಣ್ಣು ಒಣಗಿತ್ತು.

"ಇವತ್ತು ಅಳಲಿಲ್ವೇನ್ರೀ?" ಎಂದು ತಟ್ಟೆ ಇಡುತ್ತ ಚುಚ್ಚಿದಳು.

"ಎಲ್ಲಿಂದ ಬರುತ್ತೆ ಅಳು? ಆ ಮಾತನ್ನೇ ತೆಗೆದುಬಿಟ್ರಲ್ಲ."

"ಅಂಥಾದ್ದೇನಪ್ಪಾ ಅಂದ್ಲು ಮಹಾರಾಯ್ತಿ?"

ಅವನು ತುತ್ತನ್ನು ತಟ್ಟೆಗೇ ಬಿಟ್ಟ. "'ಏನೋ, ಕಿವುಡನೇನೋ ನೀನು? ಬಾರೋ ಇಲ್ಲಿ, ಇವಳನ್ನ ಎಬ್ಬಿಸೋ!' ಅಂತ. ದೇವರನ್ನ ಏಕವಚನದಲ್ಲಿ ಗದರಿಸಿದಳು ಅಂತ ಇಷ್ಟೆಲ್ಲ ರಂಪ. ನಿಂಗೆ ನೆನಪಿಲ್ವೇನೇ? ಅವತ್ತು ವರಾಂಡದಲ್ಲಿ ನೀನು ಕೂಗಿದ್ದೂ ಅದೇ. ನನ್ನನ್ನ ಒಂದಿನ 'ಏನೋ' ಅಂದವಳಲ್ಲ ನೀನು. ನಾನೂ ಕೂತು ಅತ್ತಿದ್ರೆ ನಿನ್ನ ಎತ್ತೋರು ಯಾರಿದ್ರು? ಅವತ್ತು ಉಳಿದಿದ್ದನ್ನ ಈಗ ಕತ್ತಲಲ್ಲಿ ನಿಂತು ಅಳ್ತಿದ್ದೆ. ಅವಳ ಮೋರೆ ಯಾರು ನೋಡಿದ್ರು? ನಂಗೆ ನಿನ್ನ ದನಿಯೇ ಕೇಳ್ತಿತ್ತು."

ಕಾಜಾ ಅಕ್ಕ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ಅಯ್ಯೋ, ತನ್ನ ಬಾಯನ್ನು ತಾನೇ ಮುಚ್ಚಿಸಿ ಬಂದಿದ್ದಳಲ್ಲ!

ಮ್ಯಾಟಿನಿಗೆ ಅವನ ಹಿಂದೆಯೇ ಹೋದಳು. ಅವನೇ ಸೀಟು ತೋರಿಸಿ ಗೋಡೆಗೆ ಒರಗಿದ. ಪರದೆಯ ಮೇಲೆ ಆ ಜಾಗ ಬಂತು. ನೀಟಾಗಿ ತಲೆ ಬಾಚಿದ ಆ ಹೆಂಗಸು ಬಾಯಿ ತೆರೆದಳು, ಸದ್ದಿಲ್ಲ. ಕಾಜಾ ಅಕ್ಕ ಎದ್ದು ನಿಂತಳು.

"ಏನೋ, ಕಿವುಡನೇನೋ ನೀನು? ಬಾರೋ ಇಲ್ಲಿ, ಇವಳನ್ನ ಎಬ್ಬಿಸೋ!"

ಒಡೆದ ಗಂಟಲು ಮಂದಿರದ ತುಂಬ ಕೇಳಿಸಿತು.

"ಯಾರ್ರೀ ಅದು, ಅಪಚಾರ ಮಾಡೋದು?" ಎಂದು ಮುಂದಿನ ಸಾಲಿನವನೊಬ್ಬ ಎದ್ದ.

"ನಾನೇ ಕಣ್ರೀ. ಆ ಮಾತು ನಂದು. ಅವಳ್ಯಾಕೆ ಆಡ್ಬೇಕು?"

ಗೋಡೆಯ ಹತ್ತಿರ, ಗಂಡನ ಟಾರ್ಚು ನೆಲಕ್ಕೆ ಚೆಲ್ಲಿದ್ದ ಬೆಳಕು ಅವನ ಬಿಕ್ಕಿಗೆ ಗಡಗಡ ನಡುಗತೊಡಗಿತು.