ಬಂಪರಿನ ಮೇಲೆ ಕೂತವನು

ಇದನ್ನು ಹೇಳಬೇಕೆಂದು ಬಾಯಿ ತೆರೆದು ಎಷ್ಟೋ ಸಲ ಮಾತು ತಿರುಗಿಸಿದ್ದೇನೆ. ಹೆಂಡತಿಗೂ ಪೂರ್ತಿ ಹೇಳಿಲ್ಲ. 2019ರಲ್ಲಿ ನಾನು ದೋರನಹಳ್ಳಿಯ ಸಾಹುಕಾರರೊಬ್ಬರ ಟ್ರ್ಯಾಕ್ಟರಿಗೆ ಡ್ರೈವರ್ ಆಗಿದ್ದೆ. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವನೆಂಬ ಸೊಕ್ಕಿತ್ತು.

ಆ ಸುಗ್ಗಿಯಲ್ಲಿ ತಿಂಥಣಿ ಕಡೆಯ ಹೊಲದಿಂದ ಸುರಪುರದ ಗಿರಣಿಗೆ ಬಾಡಿಗೆ ಭತ್ತ ಸಾಗಿಸಬೇಕಿತ್ತು. ನನ್ನದು ಎಲ್‌ಎಂವಿ, ಅಂದರೆ ಹಗುರ ವಾಹನದ ಲೈಸೆನ್ಸ್. ಬಾಡಿಗೆ ಸರಕಿಗೆ ಅದರ ಮಿತಿ ಗಾಡಿ, ಹೊರೆ ಎರಡೂ ಸೇರಿ ಏಳೂವರೆ ಸಾವಿರ ಕಿಲೋ. ನಾವು ಡಬ್ಬಿ ಎನ್ನುವ ಟ್ರೇಲರಿಗೆ ಅಂದು ನೂರು ಚೀಲ ಹೇರಿಸಿದೆ. ಚೀಲಕ್ಕೆ ಎಪ್ಪತ್ತೈದು ಕಿಲೋ. ಬರೀ ಭತ್ತವೇ ಮಿತಿ ಮುಟ್ಟಿತು. ಕಬ್ಬಿಣದ ತೂಕ ಅದರ ಮೇಲೆ. ಡಬ್ಬಿಗೆ ತನ್ನದೇ ಬ್ರೇಕ್ ಇರಲಿಲ್ಲ. ಟ್ರ್ಯಾಕ್ಟರಿಗೆ ಜೋಡಿಸುವ ಪಿನ್ ಕಳಚಿದರೂ ಡಬ್ಬಿ ಬಿಟ್ಟುಹೋಗದಂತೆ ಹಾಕುವ ಸರಪಳಿ ಮನೆಯಲ್ಲಿ ಎಮ್ಮೆಯ ಕಾಲಲ್ಲಿತ್ತು.

ಹೊಲದಿಂದ ಹೊರಬರಲು ಕಾಲುವೆಯ ಏರಿ ಹತ್ತಬೇಕು. ಮೇಲೆ ಹೋದ ಕೂಡಲೇ ಬಲಕ್ಕೆ ತಿರುಗದಿದ್ದರೆ ಎದುರಿಗೇ ತುಂಬಿದ ಕಾಲುವೆ. ಹಿಂದೆ ಭಾರ ಹೆಚ್ಚಿದ್ದರೆ ಏರಿನಲ್ಲಿ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಮುಂದಿನ ಗಾಲಿ ನೆಲ ಬಿಟ್ಟಮೇಲೆ ಸ್ಟೀರಿಂಗ್ ಬರೀ ಆಟಿಕೆ. ಅದಕ್ಕೆ ನಮ್ಮ ಕಡೆ ಒಂದು ರೂಢಿ: ಮುಂದಿನ ಬಂಪರಿನ ಮೇಲೆ ತೂಕಕ್ಕೆಂದು ಮನುಷ್ಯನನ್ನು ಕೂಡಿಸುವುದು. ನಮ್ಮ ಹಮಾಲರಲ್ಲಿ ಒಬ್ಬ ದಪ್ಪನೆಯವನಿದ್ದ. ಎಲ್ಲರೂ ಕ್ವಿಂಟಲ್ ಎಂದೇ ಕರೆಯುತ್ತಿದ್ದರು.

"ಚಾಚಾ, ಎರಡ್ ಸಲ ಹೊಡಿಯೂನ್ರಿ. ಡಬ್ಬಿ ಬಾಳ ತುಂಬ್ಯಾದ. ಅಂಜಿಕಿ ಬರಾಕತ್ತದ" ಎಂದ.

"ನಿನ್ನ ಹೊಟ್ಟಿಗಿಂತ ಹೆಚ್ಚ ತುಂಬ್ಯಾದೇನಲೇ? ಅಷ್ಟ್ ಅಂಜಿಕಿ ಇದ್ರ ಹೇಂತಿ ಸೆರಗ ಹಿಡಕೊಂಡು ಮನ್ಯಾಗ ಕುಂದ್ರಬೇಕಿತ್ತು. ಏರು!" ಎಂದೆ.

ಎಲ್ಲರೂ ನಕ್ಕರು. ಅವನೂ ನಕ್ಕು ಏರಿ ಕೂತ.

ಇನ್ನೇನು ಮೇಲೆ ತಲುಪಬೇಕು, ಸ್ಟೀರಿಂಗ್ ಕೈಯಲ್ಲಿ ಹಗುರಾಯಿತು. ಆ ಹಗುರ ಈಗಲೂ ನನ್ನ ಅಂಗೈಯಲ್ಲಿದೆ. ಮೂತಿ ಎದ್ದಿತು. ರಸ್ತೆ ಕಾಣಲಿಲ್ಲ, ಬಾನೆಟ್, ಅದರಾಚೆ ಅವನ ಬೆನ್ನು, ಮೇಲೆ ಆಕಾಶ. "ಚಾಚಾ! ಚಾಚಾ!" ಎಂದು ಕೂಗುತ್ತಿದ್ದ. ನಾನು ಹೆದರಿ ಕ್ಲಚ್ ತುಳಿದೆ. ತುಳಿಯಬಾರದಿತ್ತು. ಎಂಜಿನ್ನಿನ ಹಿಡಿತ ತಪ್ಪಿ ಡಬ್ಬಿ ನಮ್ಮನ್ನು ಹಿಂದಕ್ಕೆ ಎಳೆಯಿತು. ಬ್ರೇಕ್ ಒತ್ತಿದರೂ ಗಾಲಿ ಜಾರುತ್ತಲೇ ಇತ್ತು. ನಾನು ಕಣ್ಣು ಮುಚ್ಚಿದೆ. ಡಬ್ಬಿ ಅಡ್ಡ ತಿರುಗಿ ಬದುವಿಗೆ ಕಚ್ಚಿ ನಿಂತಾಗ ಮೂತಿ ದಡ್ಡೆಂದು ಇಳಿಯಿತು. ಅವನು ಅಷ್ಟರಲ್ಲಿ ಪಕ್ಕಕ್ಕೆ ಬಿದ್ದಿದ್ದ. ಗಾಲಿ ಇಳಿದದ್ದು ಅವನ ಬಲಗಾಲಿನ ಮೇಲೆ.

ಸಾಹುಕಾರರು ಬಂದರು. "ಇವನ್ನ ಮುಂದ ಯಾರ್ ಕೂಡಿಸಿದ್ರು?"

ಲೈಸೆನ್ಸ್, ಪೊಲೀಸರು, ಜೈಲು, ಇಷ್ಟೇ ನನ್ನ ತಲೆಯಲ್ಲಿ. "ನಾ ಬ್ಯಾಡ ಅಂದ್ರೂ ಅಂವನ ಏರಿ ಕುಂತಾನ್ರಿ."

ಗೋಣಿಚೀಲದ ಮೇಲೆ ಮಲಗಿದ್ದವನು ಅದನ್ನು ಕೇಳಿದ. ನನ್ನನ್ನೇ ನೋಡಿದ. ನಕ್ಕವರು ಯಾರೂ ತಲೆ ಎತ್ತಲಿಲ್ಲ. ಶಹಾಪುರದ ಆಸ್ಪತ್ರೆಯಲ್ಲೂ, ಪೊಲೀಸರ ಮುಂದೆಯೂ ನಾನು ಅದನ್ನೇ ಹೇಳಿದೆ.

ಅವನ ಕಾಲು ಉಳಿಯಿತು, ಚೀಲ ಹೊರುವ ಕಾಲಾಗಿ ಉಳಿಯಲಿಲ್ಲ. ಊರು ನನ್ನ ಮಾತನ್ನೇ ನಂಬಿತು. "ಹುಚ್ಚಪ್ಯಾಲಿ, ಹೇಳಿದ್ರೂ ಕೇಳಲಿಲ್ಲ" ಎಂದು ಅವನೆದುರೇ ಆಡಿಕೊಳ್ಳುತ್ತಾರೆ.

ಈಗ ಹೊಸ ಡ್ರೈವರುಗಳಿಗೆ ಹೇಳುತ್ತೇನೆ: ವೇಬ್ರಿಜ್ ಮೇಲೆ ತೂಗಿಸದೆ ರಸ್ತೆಗೆ ಇಳಿಯಬೇಡಿ. ಎರಡೂ ಗಾಲಿ ಒಟ್ಟಿಗೆ ಹಿಡಿಯುವಂತೆ ಎಡ ಬಲ ಎರಡೂ ಬ್ರೇಕ್ ಪೆಡಲ್ ಕೂಡಿಸಿ ಕೊಂಡಿ ಹಾಕಿರಿ. ಪಿನ್ನಿಗೆ ಸರಪಳಿ ಇರಲಿ. ಮುಂದೆ ಮನುಷ್ಯ ಕೂಡಬೇಕಾಯಿತೆಂದರೆ ಹಿಂದೆ ಹೊರೆ ಹೆಚ್ಚಾಗಿದೆ, ಇಳಿಸಿರಿ. ಅವರು ತಲೆಯಾಡಿಸುತ್ತಾರೆ. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಯಾರೂ ಕೇಳಿಲ್ಲ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವನು ಕಂಡಾಗಲೆಲ್ಲ ಕುಂಟುತ್ತ ಎದ್ದು, "ಚಾ ಕುಡೀರಿ ಚಾಚಾ" ಎನ್ನುತ್ತಾನೆ. ನಾನು ಕೆಲಸವಿದೆ ಎಂದು ಬೇಗ ದಾಟಿಹೋಗುತ್ತೇನೆ. ಆಗಲೂ ಈಗಲೂ ಅವನ ಹೆಸರು ಹಿಡಿದು ನಾನು ಕರೆದಿಲ್ಲ.

ಅವನ ಹೆಸರು ಹುಸೇನಪ್ಪ.